ಕುದುರೆ ಬಿಟ್ಟು ಹೊರಟ ಅಶ್ವದಳ

ಮಾನ್ಯ ಸಂಪಾದಕರೇ,

ಅಮೆರಿಕದ ಅಂತರ್ಯುದ್ಧ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನ, ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಪರ ಉತ್ತರದವರ ವಿರುದ್ಧ ಹೋರಾಡಿದ 8ನೇ ಟೆಕ್ಸಾಸ್ ಅಶ್ವದಳದ ಸ್ವಯಂಸೇವಕರು ಊರಿನಿಂದಲೇ ಕುದುರೆಯೇರಿ ರಣರಂಗಕ್ಕೆ ಬಂದರೆಂದು ಹೇಳುತ್ತದೆ. ಅದು ತಪ್ಪು. 1861ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನಲ್ಲಿ ಸೇರಿದ ಸುಮಾರು ಸಾವಿರ ಮಂದಿ ಕೋವಿ, ರಿವಾಲ್ವರ್, ಜೀನು, ಲಗಾಮು ತಂದಿದ್ದರು. ಕುದುರೆಗಳನ್ನು ಟೆಕ್ಸಾಸಿನಲ್ಲೇ ಬಿಟ್ಟರು. ನ್ಯೂ ಆರ್ಲಿಯನ್ಸ್ ಮಾರ್ಗವಾಗಿ ಉತ್ತರಕ್ಕೆ ಹೋದ ಮೇಲಷ್ಟೇ ಸೇನೆ ಅವರಿಗೆ ಕುದುರೆ ಕೊಟ್ಟಿತು. ದಳ ಕಟ್ಟಿದ ಕರ್ನಲ್ ಟೆರ್ರಿ ಗುಲಾಮರನ್ನು ದುಡಿಸುತ್ತಿದ್ದ ಕಬ್ಬಿನ ತೋಟದ ಒಡೆಯ. ಅದೇ ಡಿಸೆಂಬರ್ 17ರಂದು ಕೆಂಟಕಿಯ ವುಡ್ಸನ್‌ವಿಲ್ ಬಳಿ, ಮೊದಲ ಕಾಳಗದಲ್ಲೇ ಸತ್ತ.

ಕತ್ತಿ ಝಳಪಿಸುವ ಚಿತ್ರವೂ ಇವರಿಗೆ ಒಪ್ಪುವುದಿಲ್ಲ. ಇವರ ಆಯುಧ ಜೋಡುನಳಿಗೆಯ ಕೇಪಿನ ಕೋವಿ, ಅಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬುವಂಥದು. ಚರೆ ತುಂಬಿದರೆ ನಲವತ್ತು, ಐವತ್ತು ಗಜದೊಳಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಎರಡು ಈಡು ಮುಗಿದರೆ, ಓಡುವ ಕುದುರೆಯ ಮೇಲೆ ಮದ್ದು ಸುರಿದು ಸಲಾಕೆ ಹಾಕಿ ಜಡಿಯುವುದು ಆಗದ ಮಾತು. ಆದ್ದರಿಂದ ತೀರಾ ಹತ್ತಿರ ನುಗ್ಗಿ ಕೋವಿ ಹಾರಿಸಿ, ಕೂಡಲೇ ಆರು ಗುಂಡಿನ ರಿವಾಲ್ವರಿಗೆ ಕೈ ಹಾಕುತ್ತಿದ್ದರು. ಶೈಲೋ ಕದನದ ಮರುದಿನ, 1862ರ ಏಪ್ರಿಲ್ 8ರಂದು, ದಕ್ಷಿಣದ ಅಶ್ವದಳ ನಾಯಕ ಫಾರೆಸ್ಟ್‌ನ ಜೊತೆ ಉತ್ತರದ ಸೇನಾನಿ ಶೆರ್ಮನ್‌ನ ಪಡೆಯ ಮೇಲೆ ಬಿದ್ದದ್ದೂ ಹೀಗೆಯೇ. ಶತ್ರುವಿನಿಂದ ಕಿತ್ತ ಏಳು ಗುಂಡಿನ ಸ್ಪೆನ್ಸರ್ ಬಂದೂಕುಗಳು ಹೆಚ್ಚು ದಿನ ಬಾಳಲಿಲ್ಲ. ಅದರ ತಾಮ್ರದ ತೋಟಾ ದಕ್ಷಿಣದಲ್ಲಿ ತಯಾರಾಗುತ್ತಿರಲಿಲ್ಲ.

ಲೇಖನ ಬಿಟ್ಟ ಮುಖ್ಯ ವಿಷಯ ಕುದುರೆಯ ಲೆಕ್ಕ. ದಕ್ಷಿಣದ ಸೇನೆಯಲ್ಲಿ ಸಾಮಾನ್ಯವಾಗಿ ಕುದುರೆ ಸವಾರನದೇ. ಅದರ ಬಳಕೆಗೆ ದಿನಕ್ಕೆ 40 ಸೆಂಟ್ ಕೊಡುತ್ತಿದ್ದರು. ಕಾಳಗದಲ್ಲಿ ಸತ್ತರೆ ಮೊದಲೇ ಕಟ್ಟಿಟ್ಟ ಬೆಲೆ ಸಿಗುತ್ತಿತ್ತು. ಕಾಯಿಲೆಯಿಂದಲೋ ದಣಿದೋ ಬಿದ್ದರೆ ಏನೂ ಇಲ್ಲ. ಬೇರೆ ಕುದುರೆ ಹೊಂದಿಸಲಾಗದವನು ಕಾಲಾಳು. ರಣರಂಗಕ್ಕೆ ಮನೆ ಹತ್ತಿರವಿದ್ದ ವರ್ಜೀನಿಯದವನು ರಜೆ ಪಡೆದು ಮನೆಯಿಂದ ಇನ್ನೊಂದನ್ನು ತಂದಾನು. ಆದರೆ 1863ರ ಜುಲೈ 4ರಂದು ನದಿದಂಡೆಯ ಕೋಟೆಪಟ್ಟಣ ವಿಕ್ಸ್‌ಬರ್ಗ್ ಬಿದ್ದು ಮಿಸಿಸಿಪಿ ನದಿ ಉತ್ತರದವರ ಕೈ ಸೇರಿದ ಮೇಲೆ, ನದಿಯಾಚೆ ಮನೆಯಿದ್ದ ಟೆಕ್ಸಾಸಿನವರಿಗೆ ಆ ದಾರಿಯೂ ಮುಚ್ಚಿತು. ಶತ್ರುವಿನ ಕುದುರೆ ಹಿಡಿಯುವುದೇ ಉಳಿದ ಉಪಾಯ. ಲೇಖಕರು ಬರಿಯ ಸಾಹಸವೆಂದು ಕೊಂಡಾಡಿದ ಎಷ್ಟೋ ದಾಳಿಗಳ ಹಿಂದೆ ಈ ಗರಜೂ ಇತ್ತು. ಮೇವಿನದು ಇನ್ನೊಂದು ಪಾಡು: ನಿಯಮದಂತೆ ಕುದುರೆಯೊಂದಕ್ಕೆ ದಿನಕ್ಕೆ 14 ಪೌಂಡ್ ಒಣಹುಲ್ಲು, 12 ಪೌಂಡ್ ಕಾಳು, ಸಾವಿರ ಕುದುರೆಗೆ ಹೆಚ್ಚುಕಡಿಮೆ 12 ಟನ್. ಅಷ್ಟು ಸಾಗಿಸುವ ರೈಲೂ ಬಂಡಿಯೂ ಇಲ್ಲದಾಗ ದಳವೇ ಚದುರಿ ಹಳ್ಳಿಗಳ ಕಣಜಕ್ಕೆ ಕೈ ಹಾಕುತ್ತಿತ್ತು.

1865ರ ಏಪ್ರಿಲಿನಲ್ಲಿ ಉತ್ತರ ಕ್ಯಾರೊಲೈನದಲ್ಲಿ ದಕ್ಷಿಣದ ಸೇನಾಪತಿ ಜಾನ್‌ಸ್ಟನ್ ಶರಣಾದಾಗ, ಈ ದಳದ ಹಲವರು ಶಸ್ತ್ರ ಒಪ್ಪಿಸದೆ ನುಸುಳಿ ಹೋದರು. ಹಾಗಾಗಿ ‘ಇಡೀ ದಳ ಶರಣಾಯಿತು’ ಎಂಬ ಕೊನೆಯ ಸಾಲನ್ನೂ ತಿದ್ದಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ