ಬ್ರೇಕ್ ಕ್ಲೀನಿಂಗಿಗೆ ಹಣ ನಿಮಗೆ, ಪಿನ್ನಿಗೆ ಗ್ರೀಸ್ ಬೇರೆಯವರಿಂದ

ಗೆ,
ಗ್ರಾಹಕ ಸೇವಾ ವ್ಯವಸ್ಥಾಪಕರು,
ಅಧಿಕೃತ ಕಾರ್ ಸರ್ವಿಸ್ ಸೆಂಟರ್, ಬೆಂಗಳೂರು

ವಿಷಯ: ಮಾಡದ ಬ್ರೇಕ್ ಕ್ಲೀನಿಂಗಿಗೆ ಪಡೆದ 3,186 ರೂಪಾಯಿ ವಾಪಸ್ ಕೊಡುವ ಮತ್ತು ಜಾಬ್ ಕಾರ್ಡಿನ ಒಂದು ಸಾಲು ತೆಗೆಯುವ ಬಗ್ಗೆ

ಮಾನ್ಯರೇ,

ನನ್ನದು 2018ರ ಸಣ್ಣ ಪೆಟ್ರೋಲ್ ಕಾರು. 61,000 ಕಿ.ಮೀ. ಓಡಿದೆ. ಕೊಂಡ ದಿನದಿಂದ ನಿಮ್ಮಲ್ಲೇ ಸರ್ವಿಸ್ ಮಾಡಿಸಿದ್ದೇನೆ. ಹೋದ ತಿಂಗಳು ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಬಲ ಚಕ್ರದಿಂದ ಕೀಚ್ ಅಂತ ಸದ್ದು ಬರತೊಡಗಿತು. ಗಾಡಿ ಸ್ವಲ್ಪ ಎಡಕ್ಕೂ ಎಳೆಯುತ್ತಿತ್ತು. ನಿಮ್ಮಲ್ಲಿಗೇ ತಂದೆ.

ಇಪ್ಪತ್ತು ನಿಮಿಷದಲ್ಲಿ ನಿಮ್ಮ ಅಡ್ವೈಸರ್ 16,360 ರೂಪಾಯಿಯ ಎಸ್ಟಿಮೇಟ್ ಹಿಡಿದು ಬಂದರು. ಮುಂದಿನ ಪ್ಯಾಡ್ 2,600, ಎರಡು ಡಿಸ್ಕಿಗೆ 6,200, ಹಿಂದಿನ ಬ್ರೇಕ್ ಶೂ 2,150, ಬ್ರೇಕ್ ಆಯಿಲ್ 690, ಲೇಬರ್ 3,540. ಕೊನೆಗೆ, ಎಂದಿನಂತೆ, ಬ್ರೇಕ್ ಕ್ಲೀನಿಂಗ್ ಮತ್ತು ಗ್ರೀಸಿಂಗ್ 1,180.

ಡಿಸ್ಕ್ ಯಾಕೆ ಬದಲಾಯಿಸಬೇಕು ಎಂದು ಕೇಳಿದೆ. "ಪೂರ್ತಿ ಹೋಗಿದೆ ಮೇಡಂ" ಎಂದರು. ಎಷ್ಟು ಮಿ.ಮೀ. ಉಳಿದಿದೆ ಎಂದರೆ ಉತ್ತರವಿಲ್ಲ. ಅಳತೆಯನ್ನೇ ಮಾಡಿರಲಿಲ್ಲ. ಬದಲಿಗೆ, "ಮನೇಲಿ ಯಜಮಾನ್ರನ್ನ ಒಂದ್ಸಲ ಕೇಳಿ ನೋಡಿ" ಎಂದರು. ಈ ಕಾರಿನ ಕಂತು ಕಟ್ಟಿ ಮುಗಿಸಿದವಳು ನಾನು. ಯಜಮಾನರಿಗೆ ಡ್ರೈವಿಂಗೇ ಬರುವುದಿಲ್ಲ. ಇರಲಿ, ಅದು ಈ ದೂರಿನ ವಿಷಯವಲ್ಲ.

ಮುಂದಿನ ವಾರ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುವುದಿದೆ ಎಂದು ಮೊದಲೇ ನಾನು ಬಾಯಿ ಬಿಟ್ಟಿದ್ದೆ. ಅದನ್ನೇ ಹಿಡಿದುಕೊಂಡರು. "ಘಾಟಿಯಲ್ಲಿ ಬ್ರೇಕ್ ಫೇಲಾದ್ರೆ ನಮ್ಮನ್ನ ಕೇಳ್ಬೇಡಿ" ಎಂದರು. ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆ ಎಂದೂ ಸೇರಿಸಿದರು. ನನ್ನ ಕಾರಿನ ವಾರಂಟಿ ಮುಗಿದು ವರ್ಷಗಳೇ ಆಗಿವೆ! ವಾರಂಟಿ ಇದ್ದರೂ ಆ ಮಾತು ಹಾಗೆ ನಿಲ್ಲುವುದಿಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿದಾಗ, ಹೊರಗಿನ ಗ್ಯಾರೇಜಿಗೆ ಹೋದರು ಎಂಬ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡಬಾರದು ಎಂದಿತ್ತು. ಆ ಪ್ರಕರಣ ಮೇಲ್ಮನವಿಗೆ ಹೋದದ್ದೂ ನನಗೆ ಗೊತ್ತು. ಆದರೆ ಈ ಬೆದರಿಕೆ ಇನ್ನೂ ನಿಮ್ಮ ಕೌಂಟರಿನಲ್ಲಿ ನಡೆಯುತ್ತಿದೆ ಅಲ್ವಾ?

ನಾನು ಬೇಡ ಎಂದೆ. ಜಾಬ್ ಕಾರ್ಡಿನಲ್ಲಿ "ಗ್ರಾಹಕರು ಸುರಕ್ಷತೆಯ ಕೆಲಸ ನಿರಾಕರಿಸಿದ್ದಾರೆ" ಎಂದು ಬರೆದು ಸಹಿ ಹಾಕಿಸಿಕೊಂಡರು. ಹಾಕಿದೆ. ಹಾಕಬಾರದಿತ್ತು.

ಆಮೇಲೆ ಎರಡು ದಿನ ತಲೆ ಕೆಡಿಸಿಕೊಂಡೆ. ಮನೆ ಹತ್ತಿರದ ಒಂದು ಅಂಗಡಿಯವರು ಎಲ್ಲ ಸೇರಿ 1,200ಕ್ಕೆ ಮುಗಿಸಿ ಕೊಡುತ್ತೇವೆ ಎಂದರು. ಯಾವ ಕಂಪನಿಯ ಪ್ಯಾಡ್ ಎಂದರೆ "ಒಳ್ಳೇದೇ ಹಾಕ್ತೀವಿ" ಎಂದಷ್ಟೇ ಉತ್ತರ. ಬ್ರೇಕಿನ ವಿಷಯದಲ್ಲಿ ಅಷ್ಟು ಅಗ್ಗವೂ ಬೇಡ ಅನಿಸಿತು. ಕೊನೆಗೆ ಅಕ್ಕಪಕ್ಕದವರು ಹೇಳಿದ ಹನುಮಂತನಗರದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮೊದಲು ಚಕ್ರ ಬಿಚ್ಚಿದರು, ಆಮೇಲೆ ಮಾತಾಡಿದರು.

ನನ್ನ ದೂರು ಹುಟ್ಟಿದ್ದು ಅಲ್ಲಿ. ಬಲಗಡೆಯ ಒಳಗಿನ ಪ್ಯಾಡ್ 2 ಮಿ.ಮೀ.ಗೆ ಇಳಿದಿತ್ತು. ಅದೇ ಚಕ್ರದ ಹೊರಗಿನ ಪ್ಯಾಡ್ ಇನ್ನೂ 6 ಮಿ.ಮೀ. ಇತ್ತು. ಒಂದೇ ಚಕ್ರದಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಕ್ಯಾಲಿಪರ್, ಅಂದರೆ ಎರಡೂ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ, ಜಾರಬೇಕಾದ ಪಿನ್ನುಗಳು ಹಿಡಿದುಕೊಂಡಿದ್ದವು. ಕ್ಯಾಲಿಪರ್ ಜಾರದಿದ್ದರೆ ಪಿಸ್ಟನ್ ಒತ್ತುವ ಒಳಗಿನ ಪ್ಯಾಡೇ ಎಲ್ಲ ಭಾರ ಹೊರುತ್ತದೆ, ಅದೇ ಬೇಗ ಸವೆಯುತ್ತದೆ. ಕೀಚ್ ಎಂದದ್ದು ಆ ಪ್ಯಾಡಿನ ಲೋಹದ ಪಟ್ಟಿ. ಪ್ಯಾಡ್ ಮುಗಿಯಿತು ಎಂದು ಎಚ್ಚರಿಸಲೆಂದೇ ಇಟ್ಟದ್ದು ಅದು. "ನೋಡಿ ಅಕ್ಕ" ಎಂದು ಪಿನ್ ಎಳೆದು ನನ್ನ ಕೈಗೆ ಕೊಟ್ಟರು. ಒಣ ತುಕ್ಕು. ಗ್ರೀಸಿನ ಗುರುತೂ ಇರಲಿಲ್ಲ.

ಕಳೆದ ಮೂರು ಸರ್ವಿಸಿನಲ್ಲೂ ಇದೇ ಬ್ರೇಕ್ ಕ್ಲೀನಿಂಗ್ ಮತ್ತು ಗ್ರೀಸಿಂಗ್ ಕೆಲಸಕ್ಕೆ ನೀವು ಹಣ ತೆಗೆದುಕೊಂಡಿದ್ದೀರಿ. 944, 1,062, 1,180. ಒಟ್ಟು 3,186. ಬಿಲ್ಲುಗಳು ನನ್ನ ಬಳಿ ಇವೆ. ಗ್ರೀಸ್ ಹಾಕಿದ್ದರೆ ಪಿನ್ ಹೀಗೆ ಹಿಡಿಯುತ್ತಿತ್ತಾ?

ಇನ್ನು ಡಿಸ್ಕ್. ಕನಿಷ್ಠ ದಪ್ಪ 15 ಮಿ.ಮೀ. ಎಂದು ಡಿಸ್ಕಿನ ಮೇಲೆಯೇ ಕೆತ್ತಿದೆ. ಮೆಕ್ಯಾನಿಕ್ ನನ್ನ ಕಣ್ಣೆದುರೇ ಅಳೆದರು. ಎರಡೂ ಕಡೆ 16 ಮಿ.ಮೀ.ಗಿಂತ ಜಾಸ್ತಿಯೇ ಇತ್ತು. ಸಣ್ಣ ಗೆರೆಗಳು ಇದ್ದವು, ಅಷ್ಟೇ. ಹಿಂದಿನ ಡ್ರಮ್ ಬಿಚ್ಚಿ ನೋಡಿದರೆ ಶೂ ಇನ್ನೂ ಒಂದು ವರ್ಷಕ್ಕೆ ತೊಂದರೆ ಇಲ್ಲ ಎಂದರು. ಧೂಳು ಊದಿ, ಅಡ್ಜಸ್ಟ್ ಮಾಡಿ ಮುಚ್ಚಿದರು.

ಪ್ಯಾಡನ್ನು ನಾನೇ ಜೆ.ಸಿ. ರಸ್ತೆಗೆ ಹೋಗಿ ತಂದೆ. ಡೂಪ್ಲಿಕೇಟ್ ಮಾಲಿನ ಭಯ ನನಗೂ ಇತ್ತು. ಅದಕ್ಕೇ ಸೀಲ್ ಇರುವ ಡಬ್ಬಿ, ಪಾರ್ಟ್ ನಂಬರ್, ಎಂಆರ್‌ಪಿ ನೋಡಿ, ಜಿಎಸ್‌ಟಿ ಬಿಲ್ ಕೇಳಿ ತೆಗೆದುಕೊಂಡೆ. ಎಂಆರ್‌ಪಿ 2,050, ಕೊಟ್ಟದ್ದು 1,850. ಫಿಟ್ಟಿಂಗ್ 800, ಬ್ರೇಕ್ ಆಯಿಲ್ 250, ಅದನ್ನು ಬದಲಾಯಿಸಿ ಏರ್ ತೆಗೆಯಲು 400. ಒಟ್ಟು 3,300. ಪಿನ್ನಿನ ಗ್ರೀಸಿಗೆ ಅವರು ಬೇರೆ ಹಣ ಕೇಳಲಿಲ್ಲ.

ನಿಮ್ಮ ಎಸ್ಟಿಮೇಟಿನಲ್ಲಿ ಎರಡು ಮಾತು ಸರಿಯಿತ್ತು, ಇಲ್ಲವೆನ್ನುವುದಿಲ್ಲ. ಪ್ಯಾಡ್ ಬದಲಾಯಿಸಲೇಬೇಕಿತ್ತು. ಬ್ರೇಕ್ ಆಯಿಲ್ ಕೂಡ ಕಪ್ಪಾಗಿತ್ತು. ಅದು ತೇವ ಹೀರುತ್ತದೆ, ಘಾಟಿಯಲ್ಲಿ ಬ್ರೇಕ್ ಕಾದಾಗ ಆ ತೇವ ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಇಷ್ಟನ್ನೇ ಹೇಳಿ, ಅಳತೆ ತೋರಿಸಿದ್ದರೆ ಸ್ವಲ್ಪ ಜಾಸ್ತಿ ದುಡ್ಡಾದರೂ ನಿಮ್ಮಲ್ಲೇ ಮಾಡಿಸುತ್ತಿದ್ದೆ. ನೀವು ಸುಮ್ನೆ ಹೆದರಿಸಿದಿರಿ.

ಮೂರು ಸಲದ 3,186 ರೂಪಾಯಿಯನ್ನು ನನ್ನ ಖಾತೆಗೆ ವಾಪಸ್ ಹಾಕಿ. ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡ ಸಾಲು ತೆಗೆದು, ತಿದ್ದಿದ ಪ್ರತಿ ಕಳಿಸಿ. ಡಿಸ್ಕ್ ಬದಲಾಯಿಸಿ ಎನ್ನಲು ಯಾವ ಅಳತೆ ಆಧಾರ, ಯಾರು ಅಳೆದರು ಎಂಬುದನ್ನು ಬರಹದಲ್ಲಿ ತಿಳಿಸಿ. ಅಳೆದಿಲ್ಲವಾದರೆ ಹಾಗೆಂದೇ ಬರೆಯಿರಿ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಹಳೆಯ ಪ್ಯಾಡ್‌ಗಳನ್ನೂ ಆ ತುಕ್ಕು ಹಿಡಿದ ಪಿನ್ನಿನ ಫೋಟೋವನ್ನೂ ಎತ್ತಿಟ್ಟಿದ್ದೇನೆ. ನೋಡಬೇಕೆನಿಸಿದರೆ ಕರೆ ಮಾಡಿ, ತಂದು ತೋರಿಸುತ್ತೇನೆ. ಬ್ರೇಕ್ ಈಗ ಸರಿಯಿದೆ, ಬರಲು ತೊಂದರೆಯಿಲ್ಲ.

ಇಂತಿ,
ನಿಮ್ಮ ಏಳು ವರ್ಷದ ಗ್ರಾಹಕಿ,
ಬನಶಂಕರಿ, ಬೆಂಗಳೂರು

ಲಗತ್ತು: ಮೂರು ಸರ್ವಿಸ್ ಬಿಲ್ಲುಗಳು, ನಿಮ್ಮ ಎಸ್ಟಿಮೇಟ್, ಜಾಬ್ ಕಾರ್ಡ್, ಪ್ಯಾಡಿನ ಬಿಲ್, ಫೋಟೋಗಳು