ವಾರ್ಡ್ ಪೋಸ್ಟಿಂಗ್‌ಗೆ ಮೊದಲು: ಹೆಪಟೈಟಿಸ್ ಬಿ ಲಸಿಕೆ
ನರ್ಸಿಂಗ್ ಮೊದಲ ವರ್ಷದವರೆಲ್ಲರ ಗಮನಕ್ಕೆ. ಪೋಸ್ಟಿಂಗ್ ಶುರುವಾಗುವ ಮೊದಲು ನಿಮ್ಮ ಲಸಿಕೆ ಕಾರ್ಡ್ ಹುಡುಕಿ ನೋಡಿ. ಸರ್ಕಾರಿ ಕಾರ್ಯಕ್ರಮದಲ್ಲಿ ಈ ಲಸಿಕೆ ದೇಶದ ಎಲ್ಲ ಕಡೆ ಸಿಗತೊಡಗಿದ್ದು 2011ರ ಸುಮಾರಿಗೆ. ಚಿಕ್ಕಂದಿನಲ್ಲಿ ಹಾಕಿಸಿರುತ್ತಾರೆ ಎಂದು ಸುಮ್ನೆ ನಂಬಬೇಡಿ.

ಒಟ್ಟು ಮೂರು ಡೋಸ್. ಮೊದಲನೆಯದು ಹಾಕಿಸಿಕೊಂಡ ದಿನದಿಂದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮಧ್ಯೆ ತಪ್ಪಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಾಕಿ ಇರುವುದನ್ನು ಹಾಕಿಸಿಕೊಂಡರೆ ಸಾಕು.

ಅಷ್ಟಕ್ಕೇ ನಿಲ್ಲಿಸಬೇಡಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ರಕ್ತಪರೀಕ್ಷೆ (ಲಸಿಕೆ ಕೆಲಸ ಮಾಡಿದೆಯಾ ಎಂದು ನೋಡುವುದು) ಮಾಡಿಸಿ. 10 mIU/mL ಅಥವಾ ಅದಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಇದೆ. ಕಡಿಮೆ ಬಂದರೆ ಗಾಬರಿ ಬೇಡ, ಡಾಕ್ಟರ್ ಮತ್ತೆ ಡೋಸ್ ಕೊಡಿಸುತ್ತಾರೆ.

ಹೋದ ವರ್ಷ ಇಂಜೆಕ್ಷನ್ ಕೊಡುವಾಗ ನನ್ನ ಬೆರಳಿಗೇ ಸೂಜಿ ಚುಚ್ಚಿತ್ತು. ರಿಪೋರ್ಟ್ ಕೈಯಲ್ಲಿದ್ದುದರಿಂದ ಅವತ್ತು ರಾತ್ರಿ ನಿದ್ದೆ ಬಂತು. ಲಸಿಕೆ ಇಲ್ಲದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಶೇ. 30ರವರೆಗೂ ಇರುತ್ತದೆ.

ಚುಚ್ಚಿದರೆ ಹಿಂಡಬೇಡಿ. ಸೋಪು ನೀರಲ್ಲಿ ತೊಳೆದು ತಕ್ಷಣ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ. ಬೈಯುತ್ತಾರೆ ಎಂದು ಮುಚ್ಚಿಡಬೇಡಿ, ದಯವಿಟ್ಟು. ಬೇಕಾದ ಇಂಜೆಕ್ಷನ್ 24 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು.

ಕಾರ್ಡ್ ಸಿಗದವರು ಇವತ್ತೇ ನನಗೆ ಮೆಸೇಜ್ ಮಾಡಿ.