ಸೈಟೇಶನ್ ಲೆಕ್ಕ ಅಚ್ಚು ಹಾಕುವ ಮುನ್ನ

ಮಾನ್ಯರೇ,

'ವಿಶ್ವದ ಅಗ್ರ ಶೇ 2ರ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಪ್ರಾಧ್ಯಾಪಕರು' ಎಂಬ ಸುದ್ದಿ ಪ್ರತಿ ವರ್ಷವೂ ಜಿಲ್ಲಾ ಪುಟಗಳಲ್ಲಿ ಬರುತ್ತದೆ. ಇಷ್ಟು ಸಾವಿರ ಸೈಟೇಶನ್ (ಬೇರೆ ಪ್ರಬಂಧಗಳು ಇವರ ಪ್ರಬಂಧಗಳನ್ನು ಉಲ್ಲೇಖಿಸಿದ ಲೆಕ್ಕ), ಇಷ್ಟು ಎಚ್-ಇಂಡೆಕ್ಸ್ (ಆ ಉಲ್ಲೇಖಗಳಿಂದಲೇ ಕಟ್ಟುವ ಅಂಕ) ಎಂದೂ ಇರುತ್ತದೆ. ಆ ಪ್ರಾಧ್ಯಾಪಕರು ಕಂಡುಹಿಡಿದದ್ದೇನು ಎಂಬುದು ಮಾತ್ರ ಇರುವುದಿಲ್ಲ. ಈ ಅಂಕಿಗಳನ್ನು ಎಷ್ಟು ನಂಬಬಹುದು ಎಂಬುದಕ್ಕೆ ಮರೆವಿನ ಕಾಯಿಲೆಯಾದ ಆಲ್ಜೈಮರ್‌ನ ಸಂಶೋಧನೆಯಲ್ಲೇ ಒಂದು ನಿದರ್ಶನವಿದೆ.

2006ರ ಮಾರ್ಚ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಒಂದು ಪ್ರಬಂಧ ಬಂತು. ಮೊದಲ ಲೇಖಕ ಸಿಲ್ವಾನ್ ಲೆನೆ, ಹಿರಿಯ ಲೇಖಕಿ ಕ್ಯಾರೆನ್ ಆಶ್. ಇಲಿಗಳ ಮಿದುಳಿನಲ್ಲಿ ಅಮೈಲಾಯ್ಡ್ ಬೀಟಾದ (ಆಲ್ಜೈಮರ್ ರೋಗಿಗಳ ಮಿದುಳಿನಲ್ಲಿ ಗಡ್ಡೆಗಟ್ಟುವ ಪ್ರೋಟೀನ್) ಒಂದು ವಿಶೇಷ ಗುಂಪು ಸಿಕ್ಕಿದೆ, ತೂಕ 56 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ), ಅದನ್ನು ಬೇರ್ಪಡಿಸಿ ಆರೋಗ್ಯವಂತ ಎಳೆಯ ಇಲಿಗಳಿಗೆ ಚುಚ್ಚಿದರೆ ನೆನಪು ಕುಂದುತ್ತದೆ ಎಂಬುದು ಅದರ ವಾದ. ಮುಖ್ಯ ಸಾಕ್ಷ್ಯ ವೆಸ್ಟರ್ನ್ ಬ್ಲಾಟ್ ಚಿತ್ರಗಳು. ಈ ವಿಧಾನದಲ್ಲಿ ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಓಡಿಸಿ, ಪೊರೆಯೊಂದಕ್ಕೆ ವರ್ಗಾಯಿಸಿ, ಹುಡುಕುವ ಪ್ರೋಟೀನಿಗಷ್ಟೇ ಅಂಟುವ ಪ್ರತಿಕಾಯ ಹಚ್ಚುತ್ತಾರೆ. ಬೇಕಾದ ಪ್ರೋಟೀನ್ ಇರುವಲ್ಲಿ ಗೆರೆಯಂಥ ಪಟ್ಟಿ ಮೂಡುತ್ತದೆ, ಪಟ್ಟಿ ದಪ್ಪವಾದಷ್ಟೂ ಪ್ರೋಟೀನ್ ಹೆಚ್ಚು. ಒಂದು ಪಟ್ಟಿಯನ್ನು ನಕಲು ಮಾಡಿ ಪಕ್ಕದಲ್ಲಿ ಅಂಟಿಸಿದರೆ ಇಡೀ ತೀರ್ಮಾನವೇ ಬದಲಾಗುತ್ತದೆ. ಆದರೆ ಎರಡು ನಿಜವಾದ ಪಟ್ಟಿಗಳ ಅಂಚು, ಚುಕ್ಕೆಗಳು ಕೂದಲೆಳೆಯಷ್ಟೂ ತಪ್ಪದೆ ಹೊಂದುವುದಿಲ್ಲವಾದ್ದರಿಂದ ನಕಲು ಸಿಕ್ಕಿಬೀಳುತ್ತದೆ.

ಸಿಕ್ಕಿಬಿದ್ದದ್ದೂ ಹಾಗೆಯೇ. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ನರವಿಜ್ಞಾನಿ ಮ್ಯಾಥ್ಯೂ ಶ್ರಾಗ್ ಎತ್ತಿದ ಅನುಮಾನಗಳನ್ನು 'ಸೈನ್ಸ್' ಪತ್ರಿಕೆ 2022ರ ಜುಲೈನಲ್ಲಿ ಬಯಲು ಮಾಡಿತು. 2024ರ ಜೂನ್‌ನಲ್ಲಿ ಪ್ರಬಂಧವನ್ನು ಹಿಂಪಡೆಯಲಾಯಿತು. ಚಿತ್ರಗಳನ್ನು ಕತ್ತರಿಸಿ ಜೋಡಿಸಿರುವುದು, ನಕಲು ಮಾಡಿರುವುದು, ಅಳಿಸಿರುವುದು ಹಿಂಪಡೆಯುವ ಸೂಚನೆಯಲ್ಲೇ ದಾಖಲಾಗಿದೆ. ಲೆನೆ ಹಿಂಪಡೆಯಲು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಈ ಪ್ರಬಂಧದ ಸೈಟೇಶನ್ ಎರಡೂವರೆ ಸಾವಿರದ ಹತ್ತಿರ ಬಂದಿತ್ತು.

ಕಾಳು ಯಾವುದು ಜೊಳ್ಳು ಯಾವುದು ಎಂಬುದು ಈ ಲೆಕ್ಕಕ್ಕೆ ತಿಳಿಯದು. ಮೆಚ್ಚಿ ಹೆಸರಿಸಿದರೂ ಒಂದು, ತಪ್ಪೆಂದು ತೋರಿಸಲು ಹೆಸರಿಸಿದರೂ ಒಂದು, ಓದದೆ ಇನ್ನೊಬ್ಬರ ಉಲ್ಲೇಖ ಪಟ್ಟಿಯಿಂದ ಎತ್ತಿಕೊಂಡರೂ ಒಂದೇ.

ಇದರಿಂದ ಅಮೈಲಾಯ್ಡ್ ಸಂಶೋಧನೆಯೇ ಸುಳ್ಳು ಎನ್ನುವವರೂ ಇದ್ದಾರೆ. ಅದೂ ಅವಸರದ ಮಾತು. ಆಲ್ಜೈಮರ್‌ಗೆ ಈಗ ಬಳಕೆಯಲ್ಲಿರುವ, ಅಮೈಲಾಯ್ಡನ್ನೇ ಗುರಿಯಾಗಿಸುವ ಲೆಕಾನೆಮ್ಯಾಬ್ ಔಷಧದ ಬೇರು ಈ ಪ್ರಬಂಧದಲ್ಲಿಲ್ಲ. ಸ್ವೀಡನ್ನಿನ ಒಂದು ಕುಟುಂಬದಲ್ಲಿ ಕಂಡ ಜೀನ್ ಬದಲಾವಣೆಯ ಬಗ್ಗೆ ಲಾರ್ಸ್ ಲಾನ್‌ಫೆಲ್ಟ್ ತಂಡ 2001ರಲ್ಲೇ ಪ್ರಕಟಿಸಿದ ಕೆಲಸದಲ್ಲಿದೆ. 1,795 ಜನರ ಮೇಲೆ 18 ತಿಂಗಳು ನಡೆದ ಪರೀಕ್ಷೆಯಲ್ಲಿ ಔಷಧ ಪಡೆಯದವರಿಗೆ ಹೋಲಿಸಿದರೆ ಔಷಧ ಪಡೆದವರ ನೆನಪು, ದಿನಚರಿಯ ಸಾಮರ್ಥ್ಯದ ಇಳಿತ ಶೇ 27ರಷ್ಟು ನಿಧಾನವಾಯಿತು. ಕೇಳಲು ದೊಡ್ಡದು. ಆ ಇಳಿತ ಅಳೆಯುವ 18 ಅಂಕಗಳ ಅಳತೆಯಲ್ಲಿ ಆ ವ್ಯತ್ಯಾಸ ಕೇವಲ 0.45. ಔಷಧ ಪಡೆದವರಲ್ಲಿ ಶೇ 12.6 ಜನರಿಗೆ ಮಿದುಳಿನ ಊತ ಸ್ಕ್ಯಾನ್‌ನಲ್ಲಿ ಕಂಡಿತು. ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಬೇಕಿರುವುದು ಈ ಬಗೆಯ ಅಂಕಿ.

ವರದಿಗಾರರಿಗೆ ಹತ್ತು ನಿಮಿಷದ ಕೆಲಸವೊಂದಿದೆ. ವಿಜ್ಞಾನಿಯ ಅತಿ ಹೆಚ್ಚು ಉಲ್ಲೇಖಗೊಂಡ ಎರಡು ಮೂರು ಪ್ರಬಂಧಗಳನ್ನು ಡಿಒಐ ಸಂಖ್ಯೆ (ಪ್ರತಿ ಪ್ರಬಂಧಕ್ಕೂ ಇರುವ ಗುರುತಿನ ಸಂಖ್ಯೆ) ಹಾಕಿ ಜರ್ನಲ್‌ನ ಪುಟದಲ್ಲೇ ತೆರೆಯಿರಿ. ಹಿಂಪಡೆದಿದ್ದರೆ ಅಲ್ಲಿ ಬರೆದಿರುತ್ತದೆ, ಬೇರೆಡೆ ಸಿಗುವ ಹಳೆಯ ಪಿಡಿಎಫ್‌ನಲ್ಲಿ ಇರದೆ ಹೋಗಬಹುದು. ಅವರ ಪಾತ್ರ ಎಷ್ಟೆಂದು ತಿಳಿಯಲು ಲೇಖಕರ ಸಾಲಿನಲ್ಲಿ ಅವರು ಮೊದಲಿಗರೋ, ಕೊನೆಯವರೋ, ಇನ್ನೂರು ಹೆಸರುಗಳ ನಡುವೆ ಒಬ್ಬರೋ ನೋಡಿ. ಸೈಟೇಶನ್ ಎಣಿಸುವ ಗೂಗಲ್ ಸ್ಕಾಲರ್ ಮತ್ತು ಸ್ಕೋಪಸ್ ಎಂಬ ಜಾಲತಾಣಗಳ ಲೆಕ್ಕ ಒಂದೇ ಬರುವುದಿಲ್ಲ, ಯಾವುದರದ್ದು ಎಂದು ಬರೆಯಿರಿ. ಇನ್ನು ಶೇ 2ರ ಪಟ್ಟಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ಅಲ್ಲಿನ ಜಾನ್ ಅಯೊನಿಡಿಸ್ ತಂಡ ಸ್ಕೋಪಸ್ ದತ್ತಾಂಶದಿಂದ ತಯಾರಿಸುವ ಕೋಷ್ಟಕ ಅದು. ಸ್ವಂತ ಉಲ್ಲೇಖಗಳನ್ನು ಕಳೆದ ಲೆಕ್ಕವೂ ಅದರಲ್ಲೇ ಇದೆ. ಒಂದು ವರ್ಷದ ಪಟ್ಟಿ ಬೇರೆ, ಇಡೀ ವೃತ್ತಿಜೀವನದ್ದು ಬೇರೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು 2018ರಿಂದ 45 ವರ್ಷ ದಾಟಿದ ಹಳ್ಳಿಗರ ಮಿದುಳಿನ ಆರೋಗ್ಯದ ಅಧ್ಯಯನ ನಡೆಸುತ್ತಿದೆ. ಗುರಿ 10,000 ಜನ. ಒಬ್ಬೊಬ್ಬರನ್ನೂ ವರ್ಷಗಟ್ಟಲೆ ಹಿಂಬಾಲಿಸಬೇಕಾದ ಇಂಥ ಕೆಲಸ ಸೈಟೇಶನ್ ಪಟ್ಟಿ ಏರಲು ಬಹಳ ಕಾಲ ಬೇಕು. ನಿಮ್ಮ ಕೋಲಾರದ ವರದಿಗಾರರು ಅಷ್ಟು ಕಾಯಬೇಕಿಲ್ಲ.